ಅಮಾವಾಸ್ಯೆಯ ಬೆಳಗಿನ ಆಟ

ನನ್ನ ಮಗಳ ಮದುವೆಯಲ್ಲಿ ಮೊದಲ ಪಂಕ್ತಿಗೆ ಕೂತವರು ಇನ್ನೂರ ಹದಿನಾಲ್ಕು ಜನ. ಎರಡನೆಯದಕ್ಕೆ ನೂರ ಎಂಬತ್ತೇಳು. ಮೂರನೆಯ ಪಂಕ್ತಿಯ ಸಂಖ್ಯೆ ನನ್ನ ಬಳಿ ಇಲ್ಲ, ಏಕೆಂದರೆ ಅಷ್ಟರಲ್ಲಿ ಬೀಗಿತ್ತಿ ಬಂದು ಪಕ್ಕದಲ್ಲಿ ಕೂತುಬಿಟ್ಟರು. ರೇಷ್ಮೆ ಸೆರಗಿನ ಮರೆಯಲ್ಲಿ ನನ್ನ ಹೆಬ್ಬೆರಳು ಟಕ್ ಟಕ್ ಎನ್ನುತ್ತಿದ್ದುದನ್ನು ಅವರು ಜಪ ಎಂದುಕೊಂಡರು. "ಇಂಥಾ ಗದ್ದಲದಾಗೂ ನಾಮಸ್ಮರಣೆ ಬಿಟ್ಟಿಲ್ಲ ನೋಡ್ರಿ" ಎಂದು ತಮ್ಮ ನಾದಿನಿಗೆ ತೋರಿಸಿದರು. ನಾನು ತಿದ್ದಲಿಲ್ಲ. ಕೆಲಸದಲ್ಲಿದ್ದಾಗ ತಪ್ಪು ತಿದ್ದುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ನಿವೃತ್ತಿಯಾದ ಮೇಲೆ ಅಷ್ಟು ರಿಯಾಯಿತಿ ತೆಗೆದುಕೊಂಡೆ.

ಆ ವಸ್ತು ಈಗಲೂ ನನ್ನ ಕೈಚೀಲದಲ್ಲಿದೆ. ಮುಷ್ಟಿಯೊಳಗೆ ಹಿಡಿಸುವ ಸ್ಟೀಲಿನ ಎಣಿಕೆ ಯಂತ್ರ. ಹೆಬ್ಬೆರಳಿನಿಂದ ಒತ್ತಿದರೆ ಪುಟ್ಟ ಗಾಜಿನ ಹಿಂದೆ ಒಂದು ಅಂಕಿ ಮುಂದಕ್ಕೆ ಸರಿಯುತ್ತದೆ, ಅದರ ವಿದ್ಯೆ ಅಷ್ಟೇ. ಪುಣೆಯ ಒಂದು ಮರಾಠಿ ದಿನಪತ್ರಿಕೆಗೆ ನಾನು ಸೇರಿದ ಹೊಸದರಲ್ಲಿ ಸುದ್ದಿ ಸಂಪಾದಕರು ಕೊಟ್ಟದ್ದು. ಯಾವುದೋ ಸಭೆಗೆ ಹೋಗಿ ಬಂದು "ಸಾವಿರಾರು ಜನ ಸೇರಿದ್ದರು" ಎಂದು ಬರೆದಿದ್ದೆ. ಅವರು ಹಾಳೆಯನ್ನು ನನ್ನ ಕಡೆ ತಳ್ಳಿ ಮೂರು ಮಾತು ಹೇಳಿದರು. ಎಣಿಸಿದ್ದನ್ನು ಮಾತ್ರ ಬರಿ. ನಾಳೆ ಏನಾಗುತ್ತದೆಂದು ಬರೆಯಬೇಡ. ನಿನ್ನನ್ನು ಎಣಿಸಿಕೊಳ್ಳಬೇಡ, ನೀನು ಸಭೆಗೆ ಬಂದವಳಲ್ಲ, ಸಭೆಯನ್ನು ನೋಡಲು ಬಂದವಳು.

ಮೂವತ್ತನಾಲ್ಕು ವರ್ಷ ಮೂರನ್ನೂ ಪಾಲಿಸಿದೆ. ನಾಳೆಯ ಬಗ್ಗೆ ನಮ್ಮ ಪುಟಗಳಲ್ಲಿ ಬರುತ್ತಿದ್ದದ್ದು ಹವಾಮಾನ ಮತ್ತು ರಾಶಿಫಲ ಮಾತ್ರ. ಎರಡೂ ಬೇರೆಯವರ ಹೊಣೆಯಾಗಿತ್ತು.

ಇಂಥ ನಾನು, ನಾಳೆಯ ಮಾತನ್ನು ಬಿಟ್ಟು ಬೇರೇನೂ ಆಡದ ಮುನ್ನೂರು ಜನರ ನಡುವೆ ಹೋಗಿ ಸೇರಿಕೊಂಡೆ. ಅದಕ್ಕೆ ಕಾರಣ ಹೊಡೆದಾಟದ ಸಿನಿಮಾ. ನನ್ನ ವಯಸ್ಸಿನ ಹೆಂಗಸರು ಹೇಳಬಾರದ ಮಾತಿರಬಹುದು, ಆದರೆ ದಾಖಲೆಗೆ ಇರಲಿ: ನಾಯಕ ಒಬ್ಬನೇ ನಿಂತಿರಬೇಕು, ಸುತ್ತ ಹದಿನೈದು ಜನ ಇರಬೇಕು, ಒಬ್ಬೊಬ್ಬರೇ ಸರದಿಯ ಪ್ರಕಾರ ಬಂದು ಹೊಡೆಸಿಕೊಂಡು ಹೋಗಬೇಕು. ನಮ್ಮ ಕಚೇರಿಗಳಲ್ಲಿ ಕಾಣದ ಶಿಸ್ತು ಅದು. ನನ್ನ ಸ್ಕೂಟರಿನ ವಿಮೆ ಮಾಡಿಸಲು ಬರುತ್ತಿದ್ದ ಪ್ರವೀಣನಿಗೆ ಒಂದು ದಿನ ಈ ಗುಟ್ಟು ತಿಳಿಯಿತು. ಬೈಲಹೊಂಗಲದ ಕಡೆಯ ಹುಡುಗ, ಹಡಪಸರದಲ್ಲಿ ಮನೆ, ದಿನವಿಡೀ ವಿಮೆ, ಸಂಜೆಯಾದರೆ ಸಿನಿಮಾ. ಪುಣೆಯ ಕನ್ನಡ ಸಿನಿಮಾ ಅಭಿಮಾನಿಗಳ ವಾಟ್ಸ್ಆ್ಯಪ್ ಗುಂಪಿಗೆ ಅವನೇ ಯಜಮಾನ. ನನ್ನನ್ನು ಕೇಳದೆಯೇ ಸೇರಿಸಿದ. "ನಮ್ಮ ಗುಂಪಿಗೆ ಒಬ್ಬರು ದೊಡ್ಡವರು ಬೇಕಾಗಿದ್ರಿ ಕಾಕೂ. ಎಲ್ಲಾರೂ ಬಾಯಿಗೆ ಬಂದಂಗ ಅಂಕಿ ಹೇಳ್ತಾರ. ನೀವು ಖರೇ ಅಂಕಿ ಬರಕೊಳ್ರಿ" ಎಂದ.

ಈ ಸಲದ ಗದ್ದಲ ಒಂದು ಹೊಸ ಸಿನಿಮಾದ್ದು. ಹೆಸರು ಹೇಳುವುದಿಲ್ಲ, ಓಡಿದ್ದರೆ ಪ್ರಚಾರ ಎನ್ನುತ್ತೀರಿ, ಓಡದಿದ್ದರೆ ಚಾಡಿ ಎನ್ನುತ್ತೀರಿ. ನಾಯಕ ಕಟ್ಟಡ ಕೆಲಸದವನು, ಖಳನಾಯಕ ಕಟ್ಟಡ ಕಟ್ಟಿಸುವವನು, ಅರ್ಧ ಹೊಡೆದಾಟ ನೆಲದಿಂದ ಮೇಲೆಯೇ. ಬಿಡುಗಡೆಗೆ ಇಪ್ಪತ್ತು ದಿನ ಮೊದಲೇ ಗುಂಪಿನಲ್ಲಿ ಅಂದಾಜುಗಳು ಶುರುವಾದವು. ಮೊದಲ ದಿನ ಇಷ್ಟು ಕೋಟಿ, ಮೊದಲ ವಾರ ಇಷ್ಟು ಎಂದು, ತಮ್ಮದೇ ಗಲ್ಲಾಪೆಟ್ಟಿಗೆ ಎನ್ನುವಷ್ಟು ಅಧಿಕಾರದಿಂದ ಬರೆಯುತ್ತಿದ್ದರು. ಹೀಗೆ ರಾಜ್ಯವನ್ನೆಲ್ಲ ಸುತ್ತಿದ ಮಾತು ಕೊನೆಗೆ ನಮ್ಮ ಊರಿಗೇ ಬಂದು ನಿಲ್ಲುತ್ತಿತ್ತು. ಪುಣೆಯಲ್ಲಿ ಕನ್ನಡ ಸಿನಿಮಾಕ್ಕೆ ಸಿಗುವುದು ಹಡಪಸರದ ಕಡೆಯ ಒಂದು ಥಿಯೇಟರಿನಲ್ಲಿ ದಿನಕ್ಕೆ ಒಂದೇ ಆಟ, ಬೆಳಿಗ್ಗೆ ಹತ್ತಕ್ಕೆ. ಭಾನುವಾರ ಜನ ಬಂದರೆ ಉಳಿಯುತ್ತದೆ, ಬಾರದಿದ್ದರೆ ಸೋಮವಾರ ಆ ಪರದೆಯ ಮೇಲೆ ಬೇರೆ ಸಿನಿಮಾ. ಈ ಸಲ ಉಳಿಯುತ್ತದೆಯೆ? ಎರಡನೇ ವಾರ ಕಾಣುತ್ತದೆಯೆ? ಕಂಡರೆ ಲೋಣಾವಳಾಕ್ಕೆ ಹೋಗಿ ಇಡೀ ಗುಂಪಿಗೆ ಚಿಕ್ಕಿ ತರುತ್ತೇನೆಂದು ಪ್ರವೀಣ ಬಾಜಿ ಕಟ್ಟಿದ.

"ಕಾಕೂ, ನೀವೂ ಒಂದು ಅಂದಾಜು ಹೇಳ್ರಿ."

"ನೋಡದ ಹೇಳಂಗಿಲ್ಲ."

"ಎಲ್ಲಾರೂ ನೋಡದನ ಹೇಳಾಕತ್ತಾರಲ್ರೀ!"

"ಅದಕ್ಕ ನಾ ಹೇಳಂಗಿಲ್ಲ."

"ಆಂಟಿ, ಪ್ರೆಡಿಕ್ಷನ್ ಅಂದ್ರೆ ಸುಮ್ನೆ ಫನ್. ತಪ್ಪಾದ್ರೆ ಯಾರೂ ಕೇಸ್ ಹಾಕಲ್ಲ" ಎಂದು ನಡುವೆ ಬಂದವಳು ರಕ್ಷಿತಾ. ಬೆಂಗಳೂರಿನವಳು, ಇಲ್ಲಿಯ ಒಂದು ಐಟಿ ಕಚೇರಿಯಲ್ಲಿ ಅಂಕಿಅಂಶದ ಕೆಲಸ. ಗುಂಪಿನ ಗಣಿತವೆಲ್ಲ ಅವಳ ಕೈಯಲ್ಲಿ.

ಅವರನ್ನು ನೋಡಿ ನಾನು ನಗುವ ಹಾಗಿಲ್ಲ. ಧಾರವಾಡದಲ್ಲಿ ನಮ್ಮ ಮನೆ ಇದ್ದದ್ದು ಒಂದು ಟಾಕೀಸಿನ ಎದುರಿಗೆ. ಮಾಳಿಗೆಯ ಕಿಟಕಿಯಿಂದ ನೋಡಿದರೆ ಪರದೆ ಕಾಣುತ್ತಿರಲಿಲ್ಲ, ಸೈಕಲ್ ಸ್ಟ್ಯಾಂಡ್ ಮಾತ್ರ ಕಾಣುತ್ತಿತ್ತು. ಹಿಂಡಲಗಿ ಜೈಲಿನ ಕಿಂಡಿಯಷ್ಟು ಸಣ್ಣ ಆ ಕಿಟಕಿಗೆ ಮೂಗು ಒತ್ತಿ ನಿಂತರೆ ಕಬ್ಬಿಣದ ಸರಳಿನ ಹುಳಿ ವಾಸನೆ, ಕೆಳಗೆ ಬಿಸಿಲಿಗೆ ಮಿನುಗುವ ಹ್ಯಾಂಡಲುಗಳ ಸಾಲು. ನಮ್ಮ ಕಾಕಾ ಕಚೇರಿಯಿಂದ ಬಂದವರು ಟೋಪಿ ತೆಗೆಯುವ ಮೊದಲೇ ಕೇಳುತ್ತಿದ್ದರು: "ಇವತ್ತ ಎಷ್ಟವ್ವಾ?" ನಾನು ಸೈಕಲ್ಲುಗಳ ಸಂಖ್ಯೆ ಹೇಳುತ್ತಿದ್ದೆ. ನೂರು ದಾಟಿದರೆ ಚಿತ್ರ ಉಳಿಯುತ್ತದೆ, ಅರವತ್ತಕ್ಕಿಂತ ಇಳಿದರೆ ಗುರುವಾರವೇ ಕೊನೆ ಎಂಬುದು ಅವರ ಶಾಸ್ತ್ರ. ಒಂಬತ್ತು ವರ್ಷದ ನನ್ನ ಅಂಕಿಯ ಮೇಲೆ ಕಾಕಾ ಪೇಟೆಯ ಚಹಾದಂಗಡಿಯಲ್ಲಿ ಕೂತು ಚಿತ್ರಗಳಿಗೆ ಆಯುಷ್ಯ ನಿಗದಿ ಮಾಡುತ್ತಿದ್ದರು. ಎಣಿಕೆಯ ಚಟ ಅಲ್ಲಿಂದಲೇ ಅಂಟಿರಬೇಕು.

ಬಿಡುಗಡೆಗೆ ವಾರವಿರುವಾಗ ಅದೇ ಪ್ರಶ್ನೆ ಇನ್ನೊಂದು ಕಡೆಯಿಂದ ಬಂತು, ನನ್ನ ಅಡುಗೆಮನೆಯ ಕಿಟಕಿಯಿಂದ.

ಸದಾಶಿವ ಪೇಠದ ನಮ್ಮ ಮನೆಯ ಪಕ್ಕದ ಹಳೆಯ ವಾಡೆಯನ್ನು ಕೆಡವಿ ಅಲ್ಲೀಗ ಏಳು ಮಹಡಿ ಎಬ್ಬಿಸುತ್ತಿದ್ದಾರೆ. ಅವರು ಕಟ್ಟಿದ ಪರಾಂಚಿ, ಅಂದರೆ ಬೊಂಬು ಹಲಗೆಗಳ ಅಟ್ಟ, ಸರಿಯಾಗಿ ನನ್ನ ಒಲೆಯ ಎತ್ತರಕ್ಕೆ ಬಂದಿದೆ. ಮೊದಲ ದಿನ ಅದರ ಮೇಲೆ ನಿಂತವನೊಬ್ಬ ಹರಕು ಮರಾಠಿಯಲ್ಲಿ ನನಗೆ ಕಿಟಕಿ ಮುಚ್ಚಿಕೊಳ್ಳಲು ವಿನಯದಿಂದ ಹೇಳಿ, ತಿರುಗಿ ಕೆಳಗಿನವನಿಗೆ ಅಚ್ಚ ಕನ್ನಡದಲ್ಲಿ ಅವನ ಮುತ್ತಜ್ಜನವರೆಗೆ ಬೈದ. "ಅಷ್ಟೂ ತಿಳೀತು ನನಗ" ಎಂದೆ. ಅವನು ಬೊಂಬು ಹಿಡಿದುಕೊಂಡು ನಾಲಿಗೆ ಕಚ್ಚಿಕೊಂಡ. ಅವನೇ ಯಾದಗಿರಿ ಕಡೆಯ ಶರಣಪ್ಪ ಮೇಸ್ತ್ರಿ. ಅವನ ಕೈಕೆಳಗೆ ಹೆಣ್ಣು ಗಂಡು ಸೇರಿ ಇಪ್ಪತ್ತೇಳು ಜನ, ಎಲ್ಲ ಅವನ ಊರು, ನೆಂಟಸ್ತಿಕೆ.

"ಅಕ್ಕಾರ, ಆ ಹೊಡ್ದಾಟದ ಪಿಚ್ಚರ್ ಇಲ್ಲಿ ಎಷ್ಟ್ ದಿನ ಇರ್ತದ್ರಿ?" ಎಂದು ಕೇಳಿದ.

"ನೀನೂ ಬಾಜಿ ಕಟ್ಟೀ ಏನು?"

ಅವನು ಗಾರೆ ಹಚ್ಚತೊಡಗಿದ. ಹೇಳಿದವಳು ಕೆಳಗಿನ ಹಲಗೆಯಲ್ಲಿದ್ದ ಅವನ ಹೆಂಡತಿ ಮಹಾದೇವಿ. "ನಮ್ ಮೈದುನ ಅದಾನ್ರಿ ಅದ್ರಾಗ. ನಾಕನೇ ಮಾಳಗಿಂದ ಬೀಳ್ತಾನ್ರಿ."

ಕಥೆ ತುಂಡು ತುಂಡಾಗಿ ಬಂತು. ಶರಣಪ್ಪನ ತಮ್ಮ ಭೀಮಣ್ಣ ಇಂಥದೇ ಪರಾಂಚಿಗಳ ಮೇಲೆ ಕೆಲಸ ಮಾಡುತ್ತಿದ್ದವನು. ಮಂಗನ ಹಾಗೆ ಬೊಂಬಿನಿಂದ ಬೊಂಬಿಗೆ ಹಾರುತ್ತಿದ್ದ. ಯಾರೋ ನೋಡಿ ಸಿನಿಮಾದ ಹೊಡೆದಾಟದವರ ತಂಡಕ್ಕೆ ಕರೆದರು. ಅಣ್ಣ ಬೇಡವೆಂದ, ತಮ್ಮ ಹೊರಟ. ಹೊರಡುವಾಗ ಅಣ್ಣನ ಬಾಯಿಂದ ಬಂದ ಮಾತು: "ಹೋಗು, ಬಿದ್ದು ಸಾಯಿ." ಆಮೇಲೆ ಎರಡು ದೀಪಾವಳಿ ಕಳೆದಿವೆ, ಅಣ್ಣ ತಮ್ಮಂದಿರ ನಡುವೆ ಮಾತಿಲ್ಲ. ಭೀಮಣ್ಣ ಅತ್ತಿಗೆಗೆ ಫೋನ್ ಮಾಡುತ್ತಾನೆ. ಈ ಸಿನಿಮಾದಲ್ಲಿ ಅವನಿಗೆ ಬೀಳುವ ಕೆಲಸ ಸಿಕ್ಕಿದೆ.

"ಟ್ರೇಲರಿನ್ಯಾಗ ಕಾಲಷ್ಟೇ ಕಾಣ್ತದ್ರಿ" ಎಂದಳು ಮಹಾದೇವಿ.

"ಕಾಲು ಅವನದ ಅಂತ ಹೆಂಗ ಗೊತ್ತು?"

ಈಗ ಶರಣಪ್ಪ ತಿರುಗಿದ. "ಮೊಣಕಾಲ ಕೆಳಗ ಹೊಲಿಗಿ ಅದ್ರಿ. ನಾನೇ ಹಾಕಿಸಿದ್ದೆ, ಸಣ್ಣಾಂವಿದ್ದಾಗ." ಸ್ವಲ್ಪ ಹೊತ್ತು ಕರಣೆ ಕೆರೆದ. "ಉಳಿದದ್ದು ನೋಡಬೇಕ್ರಿ, ದೊಡ್ಡ ಪರದಾದ ಮ್ಯಾಲ."

ತೊಡಕು ಇದ್ದದ್ದು ರಜೆಯದು. ಪೇಠದ ಗಲ್ಲಿಗಳಿಗೆ ಕಾಂಕ್ರೀಟಿನ ದೊಡ್ಡ ಗಾಡಿ ಬರಲು ಸಾಧ್ಯವಾಗುವುದು ಭಾನುವಾರ ಬೆಳಿಗ್ಗೆ, ಟ್ಯೂಷನ್ ಕ್ಲಾಸಿನ ಹುಡುಗರ ಸ್ಕೂಟರುಗಳಿಲ್ಲದಾಗ. ಆ ಭಾನುವಾರ ಸ್ಲ್ಯಾಬ್ ಹಾಕುವುದಿತ್ತು. ಈ ಕೆಲಸದವರಿಗೆ ಕೈ ಬಿಡುವಾಗುವುದು ಅಮಾವಾಸ್ಯೆಗೆ. ಅಂದು ಯಾವ ಮೇಸ್ತ್ರಿಯೂ ಕರಣೆ ಮುಟ್ಟುವುದಿಲ್ಲ. ಅಮಾವಾಸ್ಯೆ ಬಂದದ್ದು ಬುಧವಾರ. ಹಾಗಾಗಿ ಗುಂಪಿನವರಿಗೆ ಚಿಕ್ಕಿಯ ಬಾಜಿಯಾಗಿದ್ದ ಪ್ರಶ್ನೆ ಶರಣಪ್ಪನಿಗೆ ಬೇರೆಯೇ ಆಗಿತ್ತು. ಚಿತ್ರ ಬುಧವಾರದವರೆಗೆ ಉಳಿಯಬೇಕು.

"ಇರ್ತದೇನ್ರಿ ಅಕ್ಕಾರ?"

"ಗೊತ್ತಿಲ್ಲಪಾ" ಎಂದೆ. ಸುದ್ದಿಮನೆಯ ಉತ್ತರ. ಕಿಟಕಿ ಮುಚ್ಚಿದ ಮೇಲೆ ಅದು ನನಗೇ ರುಚಿಸಲಿಲ್ಲ.

ಶುಕ್ರವಾರ ಚಿತ್ರ ಬಿಡುಗಡೆಯಾಯಿತು. ನಮ್ಮ ಗುಂಪು ಕೆಲಸಕ್ಕಿಳಿಯಿತು. ಟಿಕೆಟಿನ ಆ್ಯಪ್ ತೆರೆದರೆ ಥಿಯೇಟರಿನ ಸೀಟುಗಳ ನಕ್ಷೆ ಬರುತ್ತದಲ್ಲ, ಖಾಲಿ ಇದ್ದದ್ದು ಬಿಳಿ, ಹೋದದ್ದು ಬೂದು. ಆ ಬೂದು ಚೌಕಗಳನ್ನು ಎಣಿಸುವುದೇ ಕೆಲಸ. ಭಾನುವಾರದ ಆಟದ ಮೇಲೆ ಎಲ್ಲರ ಕಣ್ಣು. ಶನಿವಾರ ಮಧ್ಯಾಹ್ನ ನಲವತ್ತು ಬೂದು. ನಾಲ್ಕು ಗಂಟೆಗೆ ನೂರು. ಸಂಜೆ ಆರಕ್ಕೆ ಇನ್ನೂರ ನಲವತ್ತು ಸೀಟಿನಲ್ಲಿ ಇನ್ನೂರ ಹನ್ನೆರಡು! ಮೂಲೆಯ ಸೀಟುಗಳಷ್ಟೇ ಬಿಳಿಯಾಗಿ ಉಳಿದಿದ್ದವು. ಪ್ರವೀಣ ಫೋನಿನಲ್ಲೇ ಕೂಗಿದ: "ಕಾಕೂ, ಬರಕೊಳ್ರಿ! ಹೌಸ್‌ಫುಲ್! ಪುಣೆದಾಗ!"

"ತಲಿ ನೋಡಿದ ಮ್ಯಾಲ ಬರಕೊಳ್ತೀನಿ."

"ಆಂಟಿ, ಡೇಟಾ ಕಣ್ಮುಂದೆ ಇದೆ" ಎಂದಳು ರಕ್ಷಿತಾ. "ಗ್ರಾಫ್ ಕಳಿಸ್ಲಾ?"

"ಗ್ರಾಫಿಗೆ ತಲಿ ಇರ್ತಾವೇನು?"

ಭಾನುವಾರ ಒಂಬತ್ತೂವರೆಗೆ ನಾನು ಥಿಯೇಟರಿನ ಬಾಗಿಲಲ್ಲಿ ಯಂತ್ರ ಹಿಡಿದು ನಿಂತೆ. ಹತ್ತಾಯಿತು, ಹತ್ತೂಕಾಲಾಯಿತು, ರಾಷ್ಟ್ರಗೀತೆಯಾಯಿತು. ಗಾಜಿನ ಹಿಂದಿನ ಅಂಕಿ ಐವತ್ತಮೂರು. ಒಂದು ಸಲ ಒಳಗೆ ಹೋಗಿ ಸಾಲು ಸಾಲಾಗಿ ಮತ್ತೆ ಎಣಿಸಿದೆ. ಐವತ್ತಮೂರೇ. ಪ್ರವೀಣ ಖಾಲಿ ಸೀಟುಗಳನ್ನು ನೋಡುತ್ತ ನಿಂತಿದ್ದ, ಮದುವೆಯ ದಿನ ಬೀಗರ ಬಸ್ಸು ಬಾರದವನ ಹಾಗೆ.

ತಪ್ಪನ್ನು ಹಿಡಿದವಳು ರಕ್ಷಿತಾಳೇ. ಇಂಟರ್ವಲ್ಲಿನಲ್ಲಿ ಪಾಪ್‌ಕಾರ್ನ್ ತಿನ್ನದೆ ಮೆಟ್ಟಿಲ ಮೇಲೆ ಕೂತು ಮೂವತ್ತು ಜನಕ್ಕೆ ಫೋನ್ ಮಾಡಿದಳು. ಸೀಟು ಒತ್ತಿ ಹಣ ಕಟ್ಟುವ ಪುಟದವರೆಗೆ ಹೋದರೆ ಆ ಸೀಟು ಕೆಲವು ನಿಮಿಷ ನಮ್ಮ ಹೆಸರಿಗೆ ನಿಂತುಬಿಡುತ್ತದೆ. ಬೇರೆಯವರ ಫೋನಿನಲ್ಲಿ ಬೂದಾಗಿ ಕಾಣುತ್ತದೆ. ಸೀಟು ನಿಜವಾಗಿ ಖಾಲಿಯೇ ಅಥವಾ ಥಿಯೇಟರಿನವರೇ ತಡೆಹಿಡಿದಿದ್ದಾರೆಯೇ ಎಂದು ಪರೀಕ್ಷಿಸಲು ನಮ್ಮವರು ಒಬ್ಬೊಬ್ಬರು ಹತ್ತತ್ತು ಸೀಟು ಒತ್ತಿ ಆ ಪುಟದವರೆಗೆ ಹೋಗಿ ಹಿಂದೆ ಬರುತ್ತಿದ್ದರು. ಅದೇ ಹೊತ್ತಿಗೆ ಇನ್ನೊಬ್ಬರು ಅವನ್ನು ಎಣಿಸುತ್ತಿದ್ದರು.

"ಅಂದ್ರೆ ನಾವು ನಮ್ಮನ್ನೇ ಎಣಿಸ್ತಾ ಇದ್ವಿ ಆಂಟಿ" ಎಂದಳು. ಅವಳ ಮುಖ ಸಣ್ಣದಾಗಿತ್ತು. "ಇನ್ನೂ ಕೆಟ್ಟದ್ದು ಏನು ಗೊತ್ತಾ? ಬರ್ಬೇಕು ಅಂತಿದ್ದೋರು ಫುಲ್ ಆಗಿದೆ ಅಂದ್ಕೊಂಡು ಮನೇಲೇ ಉಳಿದಿದ್ದಾರೆ. ಅದೂ ನನ್ನ ಗ್ರಾಫ್ ನೋಡ್ಕೊಂಡು."

ಆಟ ಮುಗಿದಾಗ ಮ್ಯಾನೇಜರು ಹೊರಗೆ ನಿಂತಿದ್ದರು. ಸೋಮವಾರದಿಂದ ಈ ಚಿತ್ರ ಇಲ್ಲ ಎಂದು ಸಣ್ಣ ದನಿಯಲ್ಲಿ ಹೇಳಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಇನ್ನೂರ ನಲವತ್ತಕ್ಕೆ ಐವತ್ತಮೂರು, ನಾನೇ ಎಣಿಸಿದ್ದೆ.

ಹಡಪಸರದಿಂದ ಮನೆಗೆ ಬರುವ ದಾರಿಯಲ್ಲಿ, ಟ್ರಾಫಿಕ್ಕಿನಲ್ಲಿ ಮುಂದೆ ಹೋಗದ ರಿಕ್ಷಾದಲ್ಲಿ ಕೂತು, ನನಗೆ ನೆನಪಾದದ್ದು ನಮ್ಮ ಅತ್ತೆ. ಕಾಕಾನ ಮತ್ತು ನನ್ನ ಅಪ್ಪನ ತಂಗಿ. ಗಂಡನ ಮನೆ ದೂರದ ಹಳ್ಳಿ, ಅಲ್ಲಿ ಸಿನಿಮಾದ ಮಾತೇ ಇರಲಿಲ್ಲ. ಒಂದು ಸಲ ನಾಲ್ಕು ದಿನಕ್ಕೆ ತವರಿಗೆ ಬಂದಿದ್ದಳು. ಎದುರಿನ ಟಾಕೀಸಿನಲ್ಲಿ ಕತ್ತಿಕಾಳಗದ ಒಂದು ಚಿತ್ರ. ಬಂದ ಗಳಿಗೆಯಿಂದ ಅತ್ತೆ ಕಿಟಕಿಯ ಹತ್ತಿರವೇ ಸುಳಿದಾಡುತ್ತಿದ್ದಳು. ಬಿಟ್ಟ ಕೂದಲಿನ ಹರಳೆಣ್ಣೆಯ ವಾಸನೆ ನನ್ನ ಪಕ್ಕಕ್ಕೇ ಬರುತ್ತಿತ್ತು. "ಎಷ್ಟವ್ವಾ?" ಎಂದು ಕಾಕಾ ಕೇಳಿದರು. "ನೂರಾ ಅರವತ್ತು" ಎಂದೆ ಹೆಮ್ಮೆಯಿಂದ. ಅಲ್ಲಿಯವರೆಗಿನ ದೊಡ್ಡ ಸಂಖ್ಯೆ ಅದು. "ಹಂಗಾರ ಇವತ್ತ ಟಿಕೀಟ ಸಿಗಂಗಿಲ್ಲ. ಗದ್ದಲ ಇಳೀಲಿ, ನಾಡದು ಹೋಗೂಣು" ಎಂದರು. ನಾಡಿದ್ದಿಗೆ ಚಿತ್ರ ಊರು ಬಿಟ್ಟಿತ್ತು. ನಾನು ಎಣಿಸಿದ್ದು ಸಂತೆಯ ದಿನ. ಸಂತೆಗೆ ಬಂದವರು ನೆರಳಿದೆ ಎಂದು ಸೈಕಲ್ ಅಲ್ಲಿ ನಿಲ್ಲಿಸಿದ್ದರು. ಒಳಗೆ ನಾಯಿ ಕಾಲು ಚಾಚಿ ಮಲಗುವಷ್ಟು ಖಾಲಿಯಿತ್ತಂತೆ. ಅತ್ತೆ ಹೋಗುವಾಗ ಟಾಂಗಾದಲ್ಲಿ ಕೂತು, ಟಾಕೀಸಿನ ಗೋಡೆಯ ಮೇಲೆ ಹಳೆಯ ಪೋಸ್ಟರಿನ ಮೇಲೆ ಹೊಸದನ್ನು ಅಂಟಿಸುತ್ತಿದ್ದವನನ್ನು ಕತ್ತು ತಿರುಗಿಸಿ ನೋಡುತ್ತ ಹೋದಳು.

ಒಬ್ಬರು ಹಾಗೆ ಹೋದದ್ದು ಸಾಕು ಎಂದುಕೊಂಡೆ. ರಿಕ್ಷಾ ತಿರುಗಿಸಲು ಹೇಳಿದೆ. ಚಾಲಕ ಮುಂದಿನ, ಹಿಂದಿನ ವಾಹನಗಳನ್ನು ತೋರಿಸಿ ನನ್ನ ಮುಖ ನೋಡಿದ. ಇಳಿದು ರಸ್ತೆ ದಾಟಿ ಇನ್ನೊಂದು ಹಿಡಿದೆ.

"ಕಾಯ್ ಮ್ಯಾಡಮ್, ಪರತ್ ಆಲಾತ್?" ಎಂದರು ಮ್ಯಾನೇಜರು, ಮತ್ತೆ ಬಂದಿರಾ ಎಂಬಂತೆ. ನಾನು ಮರಾಠಿಯಲ್ಲೇ ವಿಷಯ ಹೇಳಿದೆ. ಬುಧವಾರ ಅಮಾವಾಸ್ಯೆ. ಕಟ್ಟಡದ ಕೆಲಸದವರಿಗೆ ರಜೆ. ಅವರು ಆ್ಯಪಿನಲ್ಲಿ ಟಿಕೆಟು ಕೊಳ್ಳುವವರಲ್ಲ, ಕಿಟಕಿಯ ಮುಂದೆ ನಿಂತು ಕೊಳ್ಳುವವರು. ಅವರಿಗಾಗಿ ಒಂದು ಆಟ ಹಾಕಿ.

"ಆನ್‌ಲೈನಿನಲ್ಲಿ ಕಾಣದವರನ್ನು ನಾನು ಮೇಲಿನವರಿಗೆ ಹೇಗೆ ತೋರಿಸಲಿ?" ಎಂದರು. ಕೆಟ್ಟ ಮನುಷ್ಯರಲ್ಲ, ಅವರಿಗೂ ಮೇಲೊಬ್ಬ ಸಂಪಾದಕರಿದ್ದರು, ಅಷ್ಟೇ. ಸ್ವಲ್ಪ ಯೋಚಿಸಿ ಹೇಳಿದರು: "ನಲವತ್ತು ಜನ ಗ್ಯಾರಂಟಿ ಎಂದು ಬರೆದು, ಹೆಸರು ಹಾಕಿ, ಸಹಿ ಮಾಡಿ ಕೊಡಿ. ನಾಳೆ ಸಂಜೆಯೊಳಗೆ. ಮೇಲೆ ಕಳಿಸಿ ಕೇಳುತ್ತೇನೆ."

ಬುಧವಾರ ಬರುವವರ ಸಂಖ್ಯೆಯನ್ನು ಸೋಮವಾರವೇ ಬರೆದು ಸಹಿ ಹಾಕುವುದು! ಸುದ್ದಿ ಸಂಪಾದಕರು ಬದುಕಿದ್ದರೆ ನನ್ನ ಕೈಯಿಂದ ಪೆನ್ನು ಕಸಿಯುತ್ತಿದ್ದರು. ಬರೆಯುತ್ತೇನೆ ಎಂದೆ.

ಸೋಮವಾರ ಬೆಳಿಗ್ಗೆ ಹೊಸ ಸ್ಲ್ಯಾಬಿಗೆ ನೀರು ಹಾಯಿಸುತ್ತಿದ್ದ ಶರಣಪ್ಪನನ್ನು ಕಿಟಕಿಗೆ ಕರೆದು, ಚಿತ್ರ ತೆಗೆದರು ಎಂದು ಮೊದಲು ಹೇಳಿದೆ. ಅವನು ಪೈಪನ್ನು ಹಿಡಿದಲ್ಲೇ ಹಿಡಿದ; ನೀರು ಒಂದೇ ಕಡೆ ಬೀಳುತ್ತಿತ್ತು. ಆಮೇಲೆ ಉಳಿದದ್ದು ಹೇಳಿದೆ. ಅವನು ಅಲ್ಲಿಂದಲೇ ಕೂಗಿ ಹೆಸರುಗಳನ್ನು ಬರೆಸಿದ, ನಾನು ಒಲೆಯ ಪಕ್ಕ ನಿಂತು ಬರೆದುಕೊಂಡೆ. ಗಂಡಸರ ಹೆಸರು ಹದಿನಾರಕ್ಕೆ ನಿಂತಾಗ ಕೆಳಗಿನಿಂದ ಮಹಾದೇವಿ ಕೂಗಿದಳು: "ನಮ್ಮನ್ನ ಯಾಕ ಬಿಟ್ಟಿ? ನಮ್ಮ ಮೈದುನ ಬೀಳೂದು ನಾವು ನೋಡಬ್ಯಾಡೇನು? ಬರಕೋರಿ ಅಕ್ಕಾರ, ಹೆಣ್ಮಕ್ಕಳು ಹನ್ನೆರಡು!" ಇಪ್ಪತ್ತೆಂಟು ಆಯಿತು.

ಇನ್ನು ಹನ್ನೆರಡು ಗುಂಪಿನಿಂದ ಬರಬೇಕು. ಮುನ್ನೂರು ಅಭಿಮಾನಿಗಳಿಗೆ ಇದೇನು ಮಹಾ ಎನ್ನಬೇಡಿ. ಕೋಟಿಗಳ ಅಂದಾಜು ಹೇಳುವವರು ಬುಧವಾರ ಬೆಳಿಗ್ಗೆ ಹತ್ತು ಗಂಟೆ ಎಂದ ಕೂಡಲೇ ಮೀಟಿಂಗುಗಳಿಗೆ ಮಾಯವಾದರು. ಪ್ರವೀಣ ಬಿಡಲಿಲ್ಲ. ವಿಮೆಯ ಕಂತು ತಪ್ಪಿಸಿದವರನ್ನು ಹಿಡಿಯುವ ವಿದ್ಯೆಯನ್ನೆಲ್ಲ ಉಪಯೋಗಿಸಿದ. "ಅಣ್ಣಾ, ನಿಮ್ಮ ಹೆಸರಿನ ಮುಂದ ಅಭಿಮಾನಿ ಅಂತ ಬರದೀರಿ. ಅಳಿಸ್ಲ್ಯೋ, ಬರ್ತೀರೋ?" ರಕ್ಷಿತಾ ತನ್ನ ಕಚೇರಿಗೆ ರಜೆ ಬರೆದಳು. "ಗ್ರಾಫ್ ಹಾಕಿ ಓಡ್ಸಿದ್ದು ನಾನು, ಕರ್ಕೊಂಡ್ ಬರೋದೂ ನಾನೇ" ಎಂದು ಮೂವರನ್ನು ಹಿಡಿದಳು. ಸಂಜೆ ನಾಲ್ಕಕ್ಕೆ ಹನ್ನೆರಡು ತುಂಬಿತು. ನಲವತ್ತು. ಒಂದು ಹೆಚ್ಚಿರಲಿ ಎಂದು ಕೊನೆಗೆ ನನ್ನ ಹೆಸರನ್ನೂ ಬರೆದು, "ಬುಧವಾರ ಬೆಳಿಗ್ಗೆ ಹತ್ತರ ಆಟಕ್ಕೆ ನಲವತ್ತೊಂದು ಜನ ಬರುತ್ತಾರೆ" ಎಂದು ಕೆಳಗೆ ಸಹಿ ಹಾಕಿದೆ. ಮಂಗಳವಾರ ಮಧ್ಯಾಹ್ನ ಒಪ್ಪಿಗೆ ಬಂತು. ಒಂದೇ ಆಟ.

ಬುಧವಾರ ಎರಡು ಟೆಂಪೊಗಳಲ್ಲಿ ಅವರು ಇಳಿದಾಗ ನನಗೆ ಗುರುತು ಸಿಗಲಿಲ್ಲ. ಅಷ್ಟು ದಿನ ಸಿಮೆಂಟಿನ ಬಣ್ಣದಲ್ಲಿ ಕಂಡವರು ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟಿದ್ದರು. ಹೆಂಗಸರು ಇಳಕಲ್ಲ ಸೀರೆಯಲ್ಲಿ. ನಾನು ಬಾಗಿಲಲ್ಲಿ ಒತ್ತುತ್ತ ನಿಂತೆ. ಶರಣಪ್ಪನ ಕಡೆಯವರು ಇಪ್ಪತ್ತೆಂಟೂ ಬಂದರು. ಗುಂಪಿನ ಹನ್ನೆರಡರಲ್ಲಿ ಹತ್ತು. ಇಬ್ಬರು ಹಾದಿಯಲ್ಲಿದ್ದೇವೆ ಎಂದು ಬರೆದರು. ಇನ್ನೂ ಹಾದಿಯಲ್ಲೇ ಇರಬೇಕು. ಮೂವತ್ತೆಂಟು. ಮ್ಯಾನೇಜರು ಅಂಕಿಯನ್ನು ಬಗ್ಗಿ ನೋಡಿ ಆಟ ಶುರುಮಾಡಲು ಸನ್ನೆ ಮಾಡಿದರು. ಸಹಿ ಹಾಕಿದ ಕೈಯನ್ನು ನಾನು ಸೆರಗಿನೊಳಗೆ ಎಳೆದುಕೊಂಡೆ.

ಚಿತ್ರದ ಗುಣದೋಷ ಹೇಳಲು ನಾನು ಸಿದ್ಧಳಿಲ್ಲ, ಏಕೆಂದರೆ ಅವತ್ತು ಅದರ ನಿಜವಾದ ವಿಮರ್ಶೆ ಹಿಂದಿನ ಸಾಲುಗಳಲ್ಲಿ ನಡೆಯುತ್ತಿತ್ತು. ನಾಯಕ ಪರಾಂಚಿಯ ಮೇಲೆ ಬೂಟು ಹಾಕಿ ಓಡಿದಾಗ ಒಬ್ಬ ಮುದುಕ ಗೊಣಗಿದ: "ಬೂಟ್ ಹಾಕ್ಕೊಂಡು ಹತ್ತಿದ್ರ ನಮ್ ಮೇಸ್ತ್ರಿ ಕೆಳಗಿಳಸ್ತಿದ್ದ." ಹೊಸದಾಗಿ ಹಾಕಿದ ಸ್ಲ್ಯಾಬಿನ ಮೇಲೆ ಹೊಡೆದಾಟ ಶುರುವಾದಾಗ ಹೆಂಗಸರ ಕಡೆಯಿಂದ ನಿಟ್ಟುಸಿರೇ ಬಂತು. "ಅಯ್ಯ, ಇನ್ನಾ ಹಸೀ ಅದವ್ವಾ ಅದು!"

ಇಂಟರ್ವಲ್ ಕಳೆದು ಸ್ವಲ್ಪ ಹೊತ್ತಿಗೆ ಮಹಾದೇವಿ ಎದ್ದು ನಿಂತಳು. "ಈಗ ಬರ್ತಾನ" ಎಂದಳು, ಬಸ್ಸು ಕಾಯುವವಳ ಹಾಗೆ. ಸುದ್ದಿ ಹೇಗೋ ಹೊರಗೂ ಹೋಗಿತ್ತು. ಬಾಗಿಲು ಸರಿದು ಮ್ಯಾನೇಜರೂ ಟಾರ್ಚಿನವನೂ ಒಳಗೆ ಬಂದು ಗೋಡೆಗೆ ಒರಗಿ ನಿಂತರು. ನಾನು ಎರಡು ಸಲ ಒತ್ತಿದೆ.

ನಾಲ್ಕನೇ ಮಹಡಿಯ ಅಂಚಿನಲ್ಲಿ ನಾಯಕನ ಏಟು ತಿಂದವನೊಬ್ಬ ಹಿಂದಕ್ಕೆ ವಾಲಿದ. ಒಂದು ಗಳಿಗೆ ಮುಖ ಕಂಡಿತು, ಶರಣಪ್ಪನದೇ ಮೂಗು. ಕೈ ಚಾಚಿ, ಬೆನ್ನು ಕೆಳಗಾಗಿ, ಒಂದು ಹಲಗೆ ಮುರಿದು, ಇನ್ನೊಂದಕ್ಕೆ ತಗುಲಿ, ಮರಳಿನ ರಾಶಿಗೆ ಬಿದ್ದ. ಎಲ್ಲ ಸೇರಿ ಮೂರು ಉಸಿರಿನಷ್ಟು ಹೊತ್ತು. ಅವರೆಲ್ಲ ಶಿಳ್ಳೆ ಹೊಡೆಯುತ್ತಾರೆಂದು ಪ್ರವೀಣ ಅಂದಾಜು ಮಾಡಿದ್ದ. ಯಾರೂ ಹೊಡೆಯಲಿಲ್ಲ. ಬೀಳುವುದು ಎಂದರೆ ಏನೆಂದು ತಿಳಿದವರು ಅವರು. ಪರದೆಯ ಮೇಲೆ ಬಿದ್ದವನ ಬೆರಳು ಸ್ವಲ್ಪ ಅಲುಗಿತು. ಸಿನಿಮಾದವರು ಅದನ್ನು ಕತ್ತರಿಸಲು ಮರೆತಿದ್ದರೋ ಏನೋ. ಆಗ ಸಾಲಿಗೆ ಸಾಲೇ ಉಸಿರು ಬಿಟ್ಟಿತು.

ಶರಣಪ್ಪ ನನ್ನ ಪಕ್ಕದ ಸೀಟಿನಲ್ಲಿದ್ದ. ಮುಂದಿನ ಸೀಟಿನ ಬೆನ್ನನ್ನು ಹಿಡಿದಿದ್ದ ಕೈ ಬಿಟ್ಟು ಹೇಳಿದ: "ಚಲೋ ಬಿದ್ದಾನ್ರಿ. ಬೆನ್ನು ಉಳಿಸ್ಕೊಂಡಾನ."

ಹೊರಗೆ ಬಿಸಿಲಿಗೆ ಬಂದ ಮೇಲೆ ಅವನು ಎಲ್ಲರಿಂದ ಸ್ವಲ್ಪ ದೂರ ಹೋಗಿ ನಿಂತ. ಹೆಂಡತಿಯ ಫೋನು ಈಸಿಕೊಂಡು ನಂಬರು ಒತ್ತಿದ. ಆ ಕಡೆ ಎತ್ತಿದವನು ಅತ್ತಿಗೆಯೇ ಎಂದುಕೊಂಡು ಮಾತು ಶುರುಮಾಡಿರಬೇಕು. ಫೋನಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದ. "ಎಷ್ಟ್ ಮಂದಿ ನೋಡಿದ್ರು ಅಂತ ಕೇಳಾಕತ್ತಾನ್ರಿ."

ನಾನು ಯಂತ್ರ ತೆಗೆದು ತೋರಿಸಿದೆ. "ನಲವತ್ತು."

"ನಿಮ್ಮನ್ನ ಹಿಡಿದೇನ್ರಿ?"

"ಇಲ್ಲಪಾ. ನನ್ನನ್ನ ಹಿಡಿಯಂಗಿಲ್ಲ."

"ಯಾಕ್ರಿ? ನೀವ್ ನೋಡಲಿಲ್ಲೇನು?" ಎಂದು, ನನ್ನ ಉತ್ತರಕ್ಕೆ ಕಾಯದೆ ಫೋನು ಕಿವಿಗಿಟ್ಟ. "ಭೀಮಾ... ಹೂಂ, ನಾನೇ. ನಲವತ್ತೊಂದು ಮಂದಿ ನೋಡಿದ್ರಪಾ. ಸುಳ್ಳಲ್ಲಲೇ, ಎಣಿಸ್ಯಾರ."

ನಾನು ಕೈಚೀಲದೊಳಗೆ ಕೈ ಹಾಕಿ ಇನ್ನೊಂದು ಸಲ ಒತ್ತಿದೆ.